ಕೊಂಬು, ಮರದ ಹಿಡಿಗೆ ಪ್ಯೂಟರ್ ಎರಕ ಹೊಯ್ಯುವುದು ಹೇಗೆ?

ಚಾಕುವಿನ ಹಿಡಿಯ ತುದಿಗೆ ಕರಗಿದ ಪ್ಯೂಟರ್ ಹೊಯ್ದು ಬಳೆ ಕೂರಿಸುವ ಕೆಲಸದ ಬಗ್ಗೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: ಮರ ಸುಟ್ಟುಹೋಗುವುದಿಲ್ಲವೇ? ಇಲ್ಲ. ಎರಕ ಹೊಯ್ಯುವಾಗ ಲೋಹ ಸುಮಾರು 300 ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ, ನಿಜ. ಆದರೆ ಹಿಡಿಗೆ ತಾಗುವುದು ನೂರು ಗ್ರಾಂನಷ್ಟು ಲೋಹ. ಅದು ಬೇಗ ಗಟ್ಟಿಯಾಗುತ್ತದೆ, ಉರಿ ಹತ್ತಲು ಸುತ್ತ ಗಾಳಿಯೂ ಇರುವುದಿಲ್ಲ. ಮರದ ಮೇಲ್ಪದರ ತೆಳ್ಳಗೆ ಕಂದುತ್ತದೆ, ಅಷ್ಟೇ. ಎರಡನೆಯ ಪ್ರಶ್ನೆ ಸ್ವಲ್ಪ ದಿನ ಕಳೆದ ಮೇಲೆ ಬರುತ್ತದೆ: ಹೊಯ್ದ ಬಳೆ ಅಲುಗಾಡುತ್ತಿದೆ, ಯಾಕೆ? ಈ ಲೇಖನದ ಬಹುಪಾಲು ಆ ಎರಡನೆಯ ಪ್ರಶ್ನೆಗೆ ಉತ್ತರ.

ಪ್ಯೂಟರ್ ಎಂದರೆ ತವರ ಪ್ರಧಾನವಾದ ಮಿಶ್ರಲೋಹ. ಈಗಿನದರಲ್ಲಿ ತವರ ನೂರಕ್ಕೆ 92ರ ಆಸುಪಾಸು, ಉಳಿದದ್ದು ಆಂಟಿಮನಿ ಮತ್ತು ಒಂದೆರಡು ಪಾಲು ತಾಮ್ರ. ಹಳೆಯದರಲ್ಲಿ ಸೀಸವೂ ಇರುತ್ತಿತ್ತು. ಹಿಡಿಯ ಮೇಲೆಯೇ ನೇರವಾಗಿ ಎರಕ ಹೊಯ್ಯುವ ಪದ್ಧತಿ ಹೆಸರು ಮಾಡಿದ್ದು ಉತ್ತರ ಅಮೆರಿಕದಲ್ಲಿ. 19ನೇ ಶತಮಾನದ ಕೋವಿ ಕೆಲಸಗಾರರು ಬಂದೂಕಿನ ಮರದ ಮುಂತುದಿಗೆ ಹೀಗೆಯೇ ಪ್ಯೂಟರ್ ಟೋಪಿ ಹೊಯ್ಯುತ್ತಿದ್ದರು. ಅಲ್ಲಿನ ಮೂಲನಿವಾಸಿಗಳು ಕೆಂಪು ಕಲ್ಲಿನ ಚಿಲುಮೆಗಳಲ್ಲಿ ಗೆರೆ ಕೊರೆದು ಸೀಸ, ಪ್ಯೂಟರ್ ತುಂಬುತ್ತಿದ್ದರು. ಆ ಕಾಲದ ಮಾದರಿಯ ಚಾಕು ಮಾಡುವವರು ಇಂದಿಗೂ ಅದೇ ವಿಧಾನ ಹಿಡಿದಿದ್ದಾರೆ. ಇಲ್ಲಿ ವಿವರಿಸುವುದು ಅಂಥ ಚಾಕುವಿನ ಮುಂಬಳೆಯನ್ನು, ಅಂದರೆ ಅಲಗು ಹಿಡಿಗೆ ಸೇರುವ ಜಾಗದ ಲೋಹದ ಕಟ್ಟನ್ನು.

ಮೊದಲು ಕಾನೂನು

ಭಾರತದಲ್ಲಿರುವವರು ಕೊಂಬಿನ ಆಸೆ ಬಿಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಜಿಂಕೆ, ಕಡವೆಗಳ ಕೊಂಬನ್ನು ಮಾರುವಂತಿಲ್ಲ, ಕೊಳ್ಳುವಂತಿಲ್ಲ, ಅನುಮತಿಯಿಲ್ಲದೆ ಇಟ್ಟುಕೊಳ್ಳುವಂತೆಯೂ ಇಲ್ಲ. ಕಾಡಿನಲ್ಲಿ ತಾನಾಗಿ ಉದುರಿದ್ದನ್ನು ಎತ್ತಿಕೊಂಡು ಬಂದೆ ಎಂದರೂ ತಪ್ಪು ತಪ್ಪೇ. ಅಮೆರಿಕ, ಕೆನಡಾದಲ್ಲಿರುವ ಕನ್ನಡಿಗರಿಗೆ ಉದುರಿದ ಕೊಂಬು ಅಂಗಡಿಯಲ್ಲೇ ಸಿಗುತ್ತದೆ. ಸ್ವತಃ ಹೆಕ್ಕುವುದಾದರೆ ಮಾತ್ರ ನಿಮ್ಮ ರಾಜ್ಯದ ನಿಯಮ ನೋಡಿಕೊಳ್ಳಿ.

ಎಮ್ಮೆಕೊಂಬು ಇದಕ್ಕೆ ಬದಲಿಯಲ್ಲ. ಜಿಂಕೆಯ ಕವಲುಗೊಂಬು ಮೂಳೆಯ ಜಾತಿ, ಬಿಸಿ ತಡೆಯುತ್ತದೆ. ಎಮ್ಮೆಕೊಂಬು ಉಗುರಿನ ಜಾತಿ, ಬಿಸಿಗೆ ಮೆತ್ತಗಾಗಿ ಆಕಾರ ಕೆಡುತ್ತದೆ, ಸುಟ್ಟ ಕೂದಲಿನ ವಾಸನೆಯನ್ನೂ ಹೊಡೆಯುತ್ತದೆ. ಊರಲ್ಲಿರುವವರಿಗೆ ಮರವೇ ಸರಿ: ಹುಣಸೆಯ ಚೇಗು, ಜಾಲಿ, ಹೊನ್ನೆಯಂಥ ಗಟ್ಟಿ ಮರ. ವಿದೇಶದಲ್ಲಿರುವವರಿಗೆ ಮೇಪಲ್, ವಾಲ್‌ನಟ್, ಚೆರ್ರಿ. ಪೈನ್‌ನಂಥ ಅಂಟುಮರ ಬೇಡ. ಬಿಸಿ ತಾಗಿದೊಡನೆ ಅಂಟು ಹೊಗೆಯಾಗಿ ಎದ್ದು ಲೋಹದ ತುಂಬ ಗುಳ್ಳೆ ಬಿಡುತ್ತದೆ. ಎಣ್ಣೆಯಂಶ ಹೆಚ್ಚಿರುವ ತೇಗದ ಮೇಲೂ ನನಗೆ ಭರವಸೆ ಕಡಿಮೆ.

ಬೇಕಾಗುವ ಸಾಮಾನು

ಲೋಹಕ್ಕೆ ಸೀಸರಹಿತ ಪ್ಯೂಟರ್ ಗಟ್ಟಿಯನ್ನೇ ಕೊಳ್ಳಿ. ಸಿಗದಿದ್ದರೆ ನಳದ ಕೆಲಸಕ್ಕೆ ಬಳಸುವ, ತವರ 95 ಮತ್ತು ಆಂಟಿಮನಿ 5 ಪಾಲಿನ ಬೆಸುಗೆ ತಂತಿ ಆಗುತ್ತದೆ. ಒಳಗೆ ರಾಳ ತುಂಬಿದ ತಂತಿ ಬೇಡ. ಕಲಾಯಿ ಹಾಕುವವರ ತವರವೂ ನಡೆಯುತ್ತದೆ, ಸ್ವಲ್ಪ ಮೆದು. ಆದರೆ ತೀರ ಚಳಿಯ ನಾಡಿನಲ್ಲಿರುವವರು ಅಪ್ಪಟ ತವರ ಬಳಸಬಾರದು. 13 ಡಿಗ್ರಿಗಿಂತ ಕೆಳಗೆ ಅದು ನಿಧಾನವಾಗಿ ಬೂದುಬಣ್ಣದ ಪುಡಿಯಾಗುವ ಸ್ವಭಾವದ್ದು. ಆಂಟಿಮನಿ ಸೇರಿದರೆ ಆ ಕಾಟವಿಲ್ಲ. ಆಂಟಿಮನಿ, ತಾಮ್ರ ತಂದು ಮನೆಯಲ್ಲೇ ಬೆರೆಸುವ ಯೋಚನೆ ಬೇಡ, ಅವು ಕರಗಲು 630 ಮತ್ತು 1085 ಡಿಗ್ರಿ ಬೇಕು.

ಗುಜರಿಯಲ್ಲಿ ಸಿಕ್ಕ ಹಳೆಯ ಲೋಹದಲ್ಲಿ ಸೀಸ ಇದೆಯೇ ಎಂದು ನೋಡಲು ಅಡುಗೆಮನೆಯ ತಕ್ಕಡಿ ಸಾಕು. ತುಂಡನ್ನು ತೂಗಿ. ಆಮೇಲೆ ಒಂದು ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ತುಂಡನ್ನು ದಾರಕ್ಕೆ ಕಟ್ಟಿ ತಳ ಮುಟ್ಟದಂತೆ ನೀರಿನಲ್ಲಿ ಮುಳುಗಿಸಿ. ತಕ್ಕಡಿ ತೋರುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿದರೆ ಸಾಂದ್ರತೆ. ಒಳ್ಳೆಯ ಪ್ಯೂಟರ್ 7.3ರ ಹತ್ತಿರ, ಅಂದರೆ 200 ಗ್ರಾಂ ತುಂಡಿಗೆ ತಕ್ಕಡಿ ಸುಮಾರು 27 ಗ್ರಾಂ ತೋರಬೇಕು. 23 ತೋರಿತೋ, ಅದರಲ್ಲಿ ಸೀಸ ಚೆನ್ನಾಗಿಯೇ ಬೆರೆತಿದೆ. ಬಿಳಿ ಕಾಗದಕ್ಕೆ ಉಜ್ಜಿದಾಗ ಪೆನ್ಸಿಲಿನಂತೆ ಬೂದು ಗೆರೆ ಬಿದ್ದರೂ ಅದೇ ಅನುಮಾನ. ಕೈಯಲ್ಲಿ ಹಿಡಿದು ಹಣ್ಣು, ತರಕಾರಿ ಹೆಚ್ಚುವ ಚಾಕುವಿಗೆ ಅಂಥ ಲೋಹ ಬೇಡವೇ ಬೇಡ.

ಉಳಿದದ್ದು: ಕಬ್ಬಿಣದ ಅಥವಾ ಸ್ಟೀಲಿನ ಚಿಕ್ಕ ಸೌಟು, ತುದಿಯಲ್ಲಿ ಮೂತಿ ಇದ್ದರೆ ಒಳ್ಳೆಯದು (ಒಮ್ಮೆ ಇದಕ್ಕೆ ಬಳಸಿದ್ದು ಮತ್ತೆ ಅಡುಗೆಗೆ ಹೋಗಬಾರದು, ಸತುವಿನ ಲೇಪದ ಪಾತ್ರೆ ಬೇಡ). ಎಲೆಕ್ಟ್ರಿಕ್ ಹಾಟ್‌ಪ್ಲೇಟ್ ಅಥವಾ ಗ್ಯಾಸ್ ಒಲೆ, 400 ಡಿಗ್ರಿವರೆಗೆ ಅಳೆಯುವ ಥರ್ಮಾಮೀಟರ್, ವೈಸ್, ಸಣ್ಣ ಹಲ್ಲಿನ ಗರಗಸ, ಉಳಿ, ಡ್ರಿಲ್, ಅರಗಳು, ಫೈಲಿನ ರಟ್ಟು, ಮಾಸ್ಕಿಂಗ್ ಟೇಪ್, ಬೈಂಡಿಂಗ್ ತಂತಿ, 2ಬಿ ಪೆನ್ಸಿಲ್. ಮೈಗೆ ಹತ್ತಿಬಟ್ಟೆಯ ಉದ್ದ ತೋಳಿನ ಅಂಗಿ, ಚರ್ಮದ ಕೈಗವಸು, ಮುಚ್ಚಿದ ಚರ್ಮದ ಶೂ, ಮುಖಕ್ಕೆ ಫೇಸ್‌ಶೀಲ್ಡ್. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಬೇಡ, ಹನಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಕೊಂಬು ಕೊಯ್ಯುವಾಗ, ಉಜ್ಜುವಾಗ ಎನ್95 ಮಾಸ್ಕ್ ಬಿಡಬೇಡಿ, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಎರಕದ ಜಾಗದಲ್ಲಿ ನೀರು ಇರಕೂಡದು. ಒದ್ದೆ ಬಟ್ಟೆ, ಬೆವರಿನ ಹನಿ, ತಂಪಾದ ಸೌಟಿನ ಮೇಲೆ ಕೂತ ತೇವ, ಇವುಗಳ ಮೇಲೆ ಕರಗಿದ ಲೋಹ ಬಿದ್ದರೆ ನೀರು ಥಟ್ಟನೆ ಆವಿಯಾಗಿ ಲೋಹವನ್ನು ಮುಖಕ್ಕೆ ಎರಚುತ್ತದೆ.

1. ಹಿಡಿಯನ್ನು ಒಣಗಿಸಿ

ಬಳೆ ಸಡಿಲವಾಗುವುದಕ್ಕೂ, ಲೋಹದಲ್ಲಿ ಗುಳ್ಳೆ ಏಳುವುದಕ್ಕೂ ಮುಖ್ಯ ಕಾರಣ ಹಸಿ ಹಿಡಿ. ತೇವ ಇರುವ ಮರದ ಮೇಲೆ ಎರಕ ಹೊಯ್ದರೆ ಮರ ಆಮೇಲೆ ಒಣಗಿ ಕುಗ್ಗುತ್ತದೆ, ಲೋಹ ಇದ್ದಲ್ಲೇ ಇರುತ್ತದೆ. ಹಿಡಿ ಮುಂದೆ ಬಳಕೆಯಲ್ಲಿ ಇರುವುದಕ್ಕಿಂತ ಎರಕದ ದಿನ ಹೆಚ್ಚು ಒಣಗಿರಬೇಕು. ಆಗ ಅದು ಗಾಳಿಯ ತೇವ ಹೀರಿ ಕೊಂಚ ಉಬ್ಬಿ ಬಳೆಯನ್ನು ಒಳಗಿನಿಂದ ಬಿಗಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕಪಾಟಿನಲ್ಲಿಟ್ಟ ಮರವನ್ನು ಒಣಮರ ಎಂದು ನಂಬಬೇಡಿ.

ಓವನ್‌ನಲ್ಲಿ 60–65 ಡಿಗ್ರಿಯಲ್ಲಿ ದಿನಕ್ಕೆ ಕೆಲವು ಗಂಟೆ ಇಟ್ಟು, ಪ್ರತಿದಿನ ತೂಗಿ ಬರೆದಿಡಿ. ಎರಡು ದಿನ ತೂಕ ಇಳಿಯದೆ ನಿಂತರೆ ಒಣಗಿದೆ. ಅವಸರದಲ್ಲಿ ಬಿಸಿ ಏರಿಸಿದರೆ ಮರ ಬಿರುಕು ಬಿಡುತ್ತದೆ. ಕೊಂಬಿಗೂ ಇದೇ ಕ್ರಮ. ಅದರ ನಡುವಿನ ಸ್ಪಂಜಿನಂಥ ತಿರುಳು ತೇವವನ್ನೂ ಗಾಳಿಯನ್ನೂ ಹಿಡಿದಿಟ್ಟುಕೊಳ್ಳುವ ಜಾಗ. ತುದಿಯಲ್ಲಿ ತಿರುಳನ್ನು 10 ಮಿಲಿಮೀಟರ್ ಆಳಕ್ಕೆ ಕೆತ್ತಿ ತೆಗೆದು, ಒಣಗಿದ ಗಟ್ಟಿಮರದ ಬೆಣೆಯನ್ನು ಬಿಗಿಯಾಗಿ ಬಡಿದು ಮುಚ್ಚಿ. ಎಪಾಕ್ಸಿ, ಸೂಪರ್‌ಗ್ಲೂ ತುಂಬಬೇಡಿ, ಎರಕದ ಬಿಸಿಗೆ ಅವು ಮೆತ್ತಗಾಗುತ್ತವೆ, ಕಣ್ಣು ಉರಿಸುವ ಹೊಗೆ ಬಿಡುತ್ತವೆ.

2. ಕಚ್ಚು ಕೊರೆಯಿರಿ

ಪ್ಯೂಟರ್ ಮರಕ್ಕೂ ಅಂಟುವುದಿಲ್ಲ, ಕೊಂಬಿಗೂ ಅಂಟುವುದಿಲ್ಲ. ನೀವು ಕೊರೆದ ಕಚ್ಚಿನೊಳಗೆ ಹರಿದು ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತದೆ. ಕಚ್ಚು ಸರಿಯಿಲ್ಲದಿದ್ದರೆ ಎರಕ ಎಷ್ಟು ಚೆಂದ ಬಂದರೂ ಬಳೆ ತಿರುಗುತ್ತದೆ.

ಉದಾಹರಣೆಗೆ 30 × 22 ಮಿಮೀ ಅಡ್ಡಳತೆಯ ಅಂಡಾಕಾರದ ಹಿಡಿ ತೆಗೆದುಕೊಳ್ಳಿ. ಮುಂತುದಿಯಿಂದ 20 ಮಿಮೀ ಹಿಂದಕ್ಕೆ ಸುತ್ತಲೂ ಗೆರೆ ಎಳೆಯಿರಿ. ಆ ಗೆರೆಯಲ್ಲಿ ಗರಗಸದಿಂದ 2.5 ಮಿಮೀ ಆಳ ಸೀಳಿ, ಅಲ್ಲಿಂದ ತುದಿಯವರೆಗೆ ಅಷ್ಟೇ ಆಳಕ್ಕೆ ಸುತ್ತ ಕೆತ್ತಿ ತೆಗೆಯಿರಿ. ಹೀಗೆ ಬರುವ ಮೆಟ್ಟಿಲನ್ನು ಹೆಗಲು ಎನ್ನೋಣ. ಹೆಗಲು ನೇರ 90 ಡಿಗ್ರಿಗೆ ನಿಂತಿರಬೇಕು. ಇಳಿಜಾರು ಮಾಡಿದರೆ ಲೋಹದ ಅಂಚು ಅಲ್ಲಿ ಕಾಗದದಷ್ಟು ತೆಳುವಾಗಿ, ಅರ ತಾಗಿದ ಕೂಡಲೇ ಸುರುಳಿ ಎದ್ದು ಬರುತ್ತದೆ.

ಈಗ ಬೀಗ. ಇಳಿಸಿದ ಭಾಗದ ನಡುವೆ ಸುತ್ತಲೂ 3 ಮಿಮೀ ಅಗಲ, 1.5 ಮಿಮೀ ಆಳದ ಒಂದು ತೋಡು ತೆಗೆಯಿರಿ. ತೋಡಿನ ಬಾಯಿಗಿಂತ ತಳ ಕೊಂಚ ಅಗಲವಾಗಿರಲಿ. ಚಾಕುವಿನ ಮೊನೆಯನ್ನು ಓರೆ ಹಿಡಿದು ಎರಡೂ ಗೋಡೆಗಳನ್ನು ಒಳಗಡೆ ಸವರಿದರೆ ಸಾಕು. ಇದು ಬಳೆ ಮುಂದಕ್ಕೆ ಜಾರದಂತೆ ತಡೆಯುತ್ತದೆ. ತಿರುಗದಂತೆ ತಡೆಯಲು ಟ್ಯಾಂಗಿನ ತೂತಿನ ಎರಡೂ ಪಕ್ಕದಲ್ಲಿ, ತೋಡಿಗೆ ತಾಗದಂತೆ, ಒಂದೊಂದು 4 ಮಿಮೀ ತೂತನ್ನು ಹಿಡಿಯ ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಆರಪಾರ ಕೊರೆಯಿರಿ. ಅದರೊಳಗೆ ಹೋದ ಲೋಹ ರಿವೆಟ್ ಆಗುತ್ತದೆ. ಟ್ಯಾಂಗ್ ಎಂದರೆ ಅಲಗಿನ ಹಿಂದೆ ಹಿಡಿಯೊಳಗೆ ಹೋಗುವ ಕಡ್ಡಿ. ಅದರ ತೂತನ್ನು ಈ ಹಂತಕ್ಕೆ ಮೊದಲೇ ಕೊರೆದಿರಬೇಕು.

ಚಿತ್ತಾರ ಬೇಕಿದ್ದರೆ ಹೆಗಲಿನಿಂದ ಹಿಂದಕ್ಕೆ ಹಿಡಿಯ ಉದ್ದಕ್ಕೂ ಸೀಳುಗಳನ್ನು ತೆಗೆದು, ಪ್ರತಿ ಸೀಳಿನ ಕೊನೆಯಲ್ಲಿ 5 ಮಿಮೀ ದುಂಡು ಕುಳಿ ಕೊರೆಯಿರಿ. ಬೀಗದ ತೂತಿನ ಆಕಾರ ಬರುತ್ತದೆ. ನೋಡಲು ಚೆನ್ನ, ಹಿಡಿತವೂ ಬಿಗಿ. ಎರಡು ಮಾತು ನೆನಪಿರಲಿ. 2.5 ಮಿಮೀಗಿಂತ ಕಿರಿದಾದ ಸೀಳಿನಲ್ಲಿ ಲೋಹ ಅರ್ಧ ದಾರಿಯಲ್ಲೇ ಹೆಪ್ಪುಗಟ್ಟುತ್ತದೆ. ಹಾಗೆಯೇ ಪ್ರತಿ ಕುಳಿಗೂ ಮುಖ್ಯ ಬಳೆಯಿಂದ ದಾರಿ ಇರಬೇಕು. ಬಿಡಿಯಾಗಿ ಕೊರೆದ ಹೂವಿಗೆ ಲೋಹ ತಲುಪುವುದೇ ಇಲ್ಲ.

ಕೊನೆಗೆ ಕೊರೆದ ಜಾಗಕ್ಕೆಲ್ಲ ಪೆನ್ಸಿಲಿನಿಂದ ಕಪ್ಪಗೆ ತಿಕ್ಕಿ. ಗ್ರಾಫೈಟ್ ಇದ್ದರೆ ಲೋಹ ಮೂಲೆಮೂಲೆಗೂ ಸಲೀಸಾಗಿ ಹರಿಯುತ್ತದೆ.

3. ಟ್ಯಾಂಗಿಗೆ ಜಾಗ ಬಿಡಿ

ಅಲಗನ್ನೇ ನಿಲ್ಲಿಸಿ ಅದರ ಸುತ್ತ ಎರಕ ಹೊಯ್ಯಬೇಡಿ. ಹದ ಮಾಡಿದ ಕಾರ್ಬನ್ ಸ್ಟೀಲಿನ ಅಲಗು ಸಾಮಾನ್ಯವಾಗಿ 200–230 ಡಿಗ್ರಿಯಲ್ಲಿ ಹದಗೊಂಡಿರುತ್ತದೆ, 300ರ ಲೋಹ ತಾಗಿದ ಕಡೆ ಆ ಹದ ಇಳಿಯಬಹುದು. ಬದಲಿಗೆ ಟ್ಯಾಂಗಿನ ಅಳತೆಯದೇ ಸ್ಟೀಲ್ ಪಟ್ಟಿಯೊಂದನ್ನು ಅರೆದು, ಹಿಡಿಯೊಳಗೆ ಹೋಗುವ ತುದಿಯ ಕಡೆಗೆ ಸ್ವಲ್ಪ ಕಿರಿದಾಗುವಂತೆ ಮಾಡಿ. ಮೇಣದಬತ್ತಿಯ ಉರಿಗೆ ಹಿಡಿದು ಮಸಿ ಹಿಡಿಸಿ. ಹಿಡಿಯ ತೂತಿನಲ್ಲಿ ನಿಲ್ಲಿಸಿ, ಮೇಲೆ 40 ಮಿಮೀ ಚಾಚಿರಲಿ. ತೂತಿನ ಬಾಯಲ್ಲಿ ಪಟ್ಟಿಯ ಸುತ್ತ ಉಳಿದ ಸಂದಿಗೆ ಕಾಗದದ ಸುರುಳಿ ತುರುಕಿ, ಇಲ್ಲದಿದ್ದರೆ ಲೋಹವೆಲ್ಲ ಒಳಗೆ ಇಳಿದು ಟ್ಯಾಂಗಿನ ದಾರಿ ಮುಚ್ಚುತ್ತದೆ.

4. ಕಾಗದದ ಅಚ್ಚು

ಹಿಡಿಯನ್ನು ಮುಂತುದಿ ಮೇಲಾಗಿ ವೈಸಿನಲ್ಲಿ ನಿಲ್ಲಿಸಿ. ಫೈಲಿನ ರಟ್ಟನ್ನು 50 ಮಿಮೀ ಅಗಲದ ಪಟ್ಟಿಯಾಗಿ ಕತ್ತರಿಸಿ, ಹೆಗಲಿನಿಂದ 14 ಮಿಮೀ ಕೆಳಗಿನಿಂದ ಶುರುಮಾಡಿ ಎರಡು ಮೂರು ಸುತ್ತು ಬಿಗಿಯಾಗಿ ಸುತ್ತಿ. ಆಗ ಹಿಡಿಯ ತುದಿಯ ಮೇಲೆ 16 ಮಿಮೀ ಗೋಡೆ ಉಳಿಯುತ್ತದೆ. ಇದರಲ್ಲಿ ಕೆಳಗಿನ 4 ಮಿಮೀ ಬಳೆಯ ಮುಂಮುಖ. ಮೇಲಿನ 12 ಮಿಮೀ ಆಮೇಲೆ ಕತ್ತರಿಸಿ ಎಸೆಯುವ ತಲೆ. ಈ ತಲೆ ದಂಡವಲ್ಲ. ಗಟ್ಟಿಯಾಗುವಾಗ ಲೋಹ ಕುಗ್ಗಿ ಕೆಳಗಿನಿಂದ ಎಳೆದುಕೊಳ್ಳುವುದು ಇದರಿಂದಲೇ. ತಲೆ ಇಲ್ಲದಿದ್ದರೆ ಬಳೆಯ ಮುಖದಲ್ಲೇ ಗುಂಡಿ ಬೀಳುತ್ತದೆ.

ಚಿತ್ತಾರದ ಸೀಳುಗಳಿದ್ದರೆ ರಟ್ಟು ಅವುಗಳನ್ನೂ ದಾಟಿ 12 ಮಿಮೀ ಕೆಳಗಿಳಿಯಬೇಕು. ಮಾಸ್ಕಿಂಗ್ ಟೇಪ್ ಸುತ್ತಿ, ಕೆಳಗೆ ಬೈಂಡಿಂಗ್ ತಂತಿಯಿಂದ ಬಿಗಿಯಿರಿ. ಸೆಲ್ಲೋಟೇಪ್ ಕರಗಿಹೋಗುತ್ತದೆ. ಕೊಂಬಿನ ಮೈ ಉಬ್ಬುತಗ್ಗಾಗಿರುವುದರಿಂದ ರಟ್ಟು ಕೂರುವ ಜಾಗವನ್ನು ಮೊದಲೇ ಅರದಿಂದ ಸಮ ಮಾಡಿಕೊಳ್ಳಿ. ಆದರೂ ಸಂದಿ ಉಳಿದರೆ ಹೊರಗಿನಿಂದ ಮಕ್ಕಳ ಆಟದ ಎಣ್ಣೆಜೇಡಿ ಮೆತ್ತಿ. ನೀರಿನಲ್ಲಿ ಕಲಸಿದ ಮಣ್ಣು ಮಾತ್ರ ಬೇಡ.

ವೈಸನ್ನು 10–15 ಡಿಗ್ರಿ ಓರೆ ಮಾಡಿ. ತಗ್ಗಿನ ಬದಿಯಿಂದ ಲೋಹ ಇಳಿದರೆ ಎತ್ತರದ ಬದಿಯಿಂದ ಗಾಳಿ ಹೊರಬರುತ್ತದೆ. ನೆಟ್ಟಗೆ ನಿಲ್ಲಿಸಿ ಹೊಯ್ದಾಗ ಗಾಳಿಗೆ ದಾರಿ ಸಿಗದೆ ಕುಳಿಗಳು ಅರ್ಧ ತುಂಬಿ ನಿಲ್ಲುತ್ತವೆ. ಕೆಳಗೆ ಒಂದು ಟ್ರೇಯಲ್ಲಿ ಬಾಣಲೆಯಲ್ಲಿ ಹುರಿದು ಒಣಗಿಸಿದ ಮರಳು ಇರಲಿ, ಸೋರಿದ ಲೋಹಕ್ಕೆ.

5. ಕರಗಿಸುವುದು

ಮೇಲಿನ ಅಳತೆಗೆ ತಲೆ ಸೇರಿ ಸುಮಾರು 12 ಘನ ಸೆಂಟಿಮೀಟರ್ ಲೋಹ ಬೇಕು, ಅಂದರೆ 90 ಗ್ರಾಂ. ಆದರೆ ಕರಗಿಸುವುದು 200 ಗ್ರಾಂ. ಸೌಟಿನಲ್ಲಿ ಹೆಚ್ಚು ಲೋಹ ಇದ್ದಷ್ಟೂ ಬಿಸಿ ನಿಲ್ಲುತ್ತದೆ, ನಡುವೆ ಸಾಲದೆ ಬರುವ ಪಜೀತಿಯೂ ತಪ್ಪುತ್ತದೆ. ಉಳಿದದ್ದನ್ನು ಮತ್ತೆ ಬಳಸಬಹುದು.

ಬಾಗಿಲು, ಕಿಟಕಿ ತೆರೆದ ಜಾಗದಲ್ಲಿ ಕರಗಿಸಿ. ಮೇಲೆ ಬೂದು ಕೆನೆಯಂತೆ ಕಿಟ್ಟ ಕಟ್ಟುತ್ತದೆ. ಬಟಾಣಿಕಾಳಿನಷ್ಟು ಜೇನುಮೇಣ ಹಾಕಿ ಒಣ ಕಡ್ಡಿಯಿಂದ ಕಲಕಿದರೆ ಅದರಲ್ಲಿನ ಒಳ್ಳೆಯ ಲೋಹ ಬಿಟ್ಟುಕೊಂಡು ಕಿಟ್ಟ ಪುಡಿಪುಡಿಯಾಗುತ್ತದೆ. ಮೇಣ ಭಗ್ಗನೆ ಹೊತ್ತಿಕೊಳ್ಳಬಹುದು, ಮುಖ ದೂರವಿರಲಿ. ಕಿಟ್ಟವನ್ನು ಬಿಸಿ ಮಾಡಿಕೊಂಡ ಚಮಚೆಯಿಂದ ಬದಿಗೆ ಸರಿಸಿ.

ಹದ 290ರಿಂದ 315 ಡಿಗ್ರಿ. ಥರ್ಮಾಮೀಟರ್ ಇಲ್ಲದವರು ಒಣಗಿದ ಮೆದುಮರದ ಕಡ್ಡಿಯನ್ನು ಅದ್ದಿ ನೋಡುತ್ತಾರೆ: ಎರಡು ಮೂರು ಸೆಕೆಂಡಿನಲ್ಲಿ ಕಂದು ಬಣ್ಣಕ್ಕೆ ತಿರುಗಿದರೆ ಸರಿ, ಥಟ್ಟನೆ ಕಪ್ಪಾಗಿ ಹೊಗೆಯಾಡಿದರೆ ಬಿಸಿ ಮೀರಿದೆ. ಬಿಸಿ ಕಡಿಮೆಯಾದರೆ ಬಳೆಯ ಮೇಲೆ ಸುಕ್ಕು ಬೀಳುತ್ತದೆ. ಹೆಚ್ಚಾದರೆ ಮರ ಸುಟ್ಟು ಇದ್ದಿಲ ಪದರ ಕಟ್ಟುತ್ತದೆ, ಅದು ಪುಡಿಯಾಗಿ ಉದುರಿದ ಮೇಲೆ ಬಳೆ ಸಡಿಲ.

ಲೋಹ ಕಾಯುತ್ತಿರುವಾಗಲೇ ಅಚ್ಚು ಸುತ್ತಿದ ಹಿಡಿಯನ್ನು ಹಾಟ್‌ಏರ್ ಗನ್‌ನಿಂದ, ಕೈಯಲ್ಲಿ ಹೆಚ್ಚು ಹೊತ್ತು ಹಿಡಿಯಲಾಗದಷ್ಟು, ಅಂದರೆ 70 ಡಿಗ್ರಿಯಷ್ಟು ಬೆಚ್ಚಗೆ ಮಾಡಿ. ತಣ್ಣನೆಯ ಸ್ಟೀಲ್ ಪಟ್ಟಿಯನ್ನು ಮರೆಯಬೇಡಿ, ಅದರ ಸುತ್ತಲೇ ಲೋಹ ಮೊದಲು ಹೆಪ್ಪುಗಟ್ಟುವುದು.

6. ಹೊಯ್ಯುವುದು

ಸೌಟನ್ನು ಅಚ್ಚಿನ ಬಾಯಿಗೆ ಆದಷ್ಟು ಹತ್ತಿರ ತಂದು, ತಗ್ಗಿನ ಬದಿಯಲ್ಲಿ ಒಂದೇ ಧಾರೆಯಾಗಿ ಸುರಿಯಿರಿ. ಮೂರು ನಾಲ್ಕು ಸೆಕೆಂಡಿನ ಕೆಲಸ. ಬೆದರಿ ನಡುವೆ ನಿಲ್ಲಿಸಿದರೆ ಮೊದಲು ಬಿದ್ದದ್ದು ಹೆಪ್ಪುಗಟ್ಟಿ, ಆಮೇಲೆ ಬಿದ್ದದ್ದು ಅದರೊಂದಿಗೆ ಬೆರೆಯದೆ ಗೆರೆ ಉಳಿಯುತ್ತದೆ. ತುಂಬಿದ ಕೂಡಲೇ ಅಚ್ಚಿನ ಬದಿಗೆ ಕಡ್ಡಿಯಿಂದ ಮೆಲ್ಲಗೆ ನಾಲ್ಕಾರು ಸಲ ತಟ್ಟಿ, ಸಿಕ್ಕಿಕೊಂಡ ಗುಳ್ಳೆ ಮೇಲೇಳುತ್ತದೆ. ತಲೆ ಕುಸಿಯುವುದು ಕಂಡರೆ ಸೌಟಿನಲ್ಲಿ ಉಳಿದ ಬಿಸಿ ಲೋಹ ಇನ್ನಷ್ಟು ಹಾಕಿ. ರಟ್ಟು ಕಂದು ಬಣ್ಣಕ್ಕೆ ತಿರುಗಿ ಹೊಗೆ ಬರುತ್ತದೆ, ಗಾಬರಿ ಬೇಡ.

ಹೊಯ್ಯುವಾಗ ಅಚ್ಚಿನೊಳಗೆ ಕೊತಕೊತ ಸದ್ದು ಕೇಳಿದರೆ ಹಿಡಿಯಲ್ಲಿ ತೇವ ಇದೆ ಎಂದರ್ಥ. ಹಿಂದೆ ಸರಿಯಿರಿ, ಅದು ತಣಿದ ಮೇಲೆ ಬಿಚ್ಚಿ ಒಂದನೇ ಹಂತಕ್ಕೆ ಮರಳಿ.

ಐದು ನಿಮಿಷ ಮುಟ್ಟಬೇಡಿ. ಇನ್ನೂ ಬೆಚ್ಚಗಿರುವಾಗಲೇ ಸ್ಟೀಲ್ ಪಟ್ಟಿಯನ್ನು ಇಕ್ಕಳದಿಂದ ಹಿಡಿದು ನೇರವಾಗಿ ಮೇಲಕ್ಕೆ ಎಳೆದುಬಿಡಿ, ಪೂರ್ತಿ ತಣಿದರೆ ಕಚ್ಚಿಕೊಳ್ಳುತ್ತದೆ. ಉಳಿದದ್ದು ಅರ್ಧ ಗಂಟೆ ತಾನಾಗಿ ತಣಿಯಲಿ. ನೀರಿಗೆ ಅದ್ದಿದರೆ ಕೊಂಬು ಸೀಳುತ್ತದೆ.

7. ಬಿಚ್ಚಿ ನೋಡುವುದು

ರಟ್ಟು ಹರಿದು ತೆಗೆಯಿರಿ. ಕುಳಿ ಅರ್ಧ ತುಂಬಿದ್ದರೆ, ಆಳದ ಸುಕ್ಕು ಇದ್ದರೆ ಅದರ ಮೇಲೆಯೇ ಮತ್ತೆ ಲೋಹ ಹೊಯ್ದು ತೇಪೆ ಹಾಕಲು ಹೋಗಬೇಡಿ. ಹೊಸದು ಹಳೆಯದಕ್ಕೆ ಬೆಸೆಯುವುದಿಲ್ಲ. ಬಳೆಯನ್ನು ಎರಡು ಕಡೆ ಗರಗಸದಿಂದ ಸೀಳಿ ಕಿತ್ತು, ರಿವೆಟ್‌ಗಳನ್ನು ಡ್ರಿಲ್‌ನಿಂದ ತೆಗೆದು, ಲೋಹವನ್ನು ಮತ್ತೆ ಕರಗಿಸಿ. ಹಿಡಿಗೆ ಹಾನಿಯಿಲ್ಲ, ಅದೇ ಕಚ್ಚುಗಳಿಗೆ ಮತ್ತೊಮ್ಮೆ ಹೊಯ್ಯಬಹುದು. ಸೂಜಿತಲೆಯಷ್ಟು ಗುಳ್ಳೆ ಒಂದೆರಡಿದ್ದರೆ 138 ಡಿಗ್ರಿಗೇ ಕರಗುವ ಬಿಸ್ಮತ್-ತವರದ ಬೆಸುಗೆಯಿಂದ ತುಂಬಿ. ಬಣ್ಣ ತುಸು ಬೇರೆ ಕಾಣುತ್ತದೆ, ದೂರದಿಂದ ಗೊತ್ತಾಗುವುದಿಲ್ಲ.

8. ಅರ, ಸ್ಯಾಂಡ್‌ಪೇಪರ್

ತಲೆಯನ್ನು ಗರಗಸದಿಂದ ಕತ್ತರಿಸಿ. ಪ್ಯೂಟರ್ ಮೆದುವಾದ್ದರಿಂದ ಅರದ ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ದೊಡ್ಡ ಹಲ್ಲಿನ ಅರ ತೆಗೆದುಕೊಂಡು ಅದಕ್ಕೆ ಸೀಮೆಸುಣ್ಣ ಉಜ್ಜಿ, ಆಗಾಗ ತಂತಿ ಬ್ರಷ್‌ನಿಂದ ಕೆರೆಯಿರಿ. ಬೆಲ್ಟ್ ಗ್ರೈಂಡರ್ ಬೇಡ. ಅದರ ಬಿಸಿಗೆ ಲೋಹ ಎಳೆದುಕೊಂಡು ಮರದ ಮೇಲೆ ಬಳಿಯುತ್ತದೆ.

ಮೇಪಲ್‌ನಂಥ ಬಿಳಿ ಮರ, ತಿಳಿಬಣ್ಣದ ಕೊಂಬು ಇದ್ದರೆ ಉಜ್ಜುವ ಮೊದಲು ಅರಗಿನ ಪಾಲಿಶ್ ಎರಡು ಕೈ ಹೊಡೆಯಿರಿ. ಇಲ್ಲದಿದ್ದರೆ ಲೋಹದ ಬೂದು ಪುಡಿ ರಂಧ್ರಗಳಲ್ಲಿ ಕೂತು ಕೊಳಕಾಗಿ ಕಾಣುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ. ಸ್ಯಾಂಡ್‌ಪೇಪರನ್ನು 220, 400, 600 ಎಂದು ಏರಿಸುತ್ತ ಹೋಗಿ, ಪ್ರತಿಸಲವೂ ಗಟ್ಟಿ ಮರದ ತುಂಡಿಗೆ ಸುತ್ತಿಯೇ ಉಜ್ಜಿ. ಬೆರಳಿನಿಂದ ಒತ್ತಿ ಉಜ್ಜಿದರೆ ಮರ ತಗ್ಗಿ ಲೋಹ ಎದ್ದು ನಿಲ್ಲುತ್ತದೆ, ಹಿಡಿದಾಗ ಅಂಚು ಕೈಗೆ ತಾಗುತ್ತದೆ. ಕೊನೆಗೆ ನಾಲ್ಕು ಸೊನ್ನೆಯ ಸ್ಟೀಲ್‌ವೂಲ್, ಆಮೇಲೆ ಹತ್ತಿಬಟ್ಟೆ. ಕನ್ನಡಿಯಂತೆ ಹೊಳೆಸುವುದು ನಿಮ್ಮ ಇಷ್ಟ. ಬೂದು ಮಂಕಿನಲ್ಲೇ ಪ್ಯೂಟರಿಗೆ ಲಕ್ಷಣ ಎನ್ನುವವರ ಪಕ್ಷ ನನ್ನದು.

ಪಟ್ಟಿ ಬಿಟ್ಟ ಸೀಳನ್ನು ಸಣ್ಣ ಸೂಜಿಅರದಿಂದ ಅಲಗಿಗೆ ಸರಿಯಾಗಿ ಹೊಂದಿಸಿ. ಒಂದೊಂದೇ ಉಜ್ಜು ಉಜ್ಜಿ ಅಲಗನ್ನು ಇಟ್ಟು ನೋಡುತ್ತಿರಿ, ಮೆದುಲೋಹ ಬೇಗ ಸವೆಯುತ್ತದೆ. ಈ ಹಂತದಲ್ಲಿ ಎಪಾಕ್ಸಿ ಬಳಸಬಹುದು: ತೂತಿಗೆ ತುಂಬಿ, ಟ್ಯಾಂಗ್ ಇಳಿಸಿ, ಮೇಲೆ ಉಕ್ಕಿದ್ದನ್ನು ಸ್ಪಿರಿಟ್ ಬಟ್ಟೆಯಿಂದ ಒರೆಸಿ, ಅಲಗು ಮೇಲಾಗಿ ಒಂದು ದಿನ ನಿಲ್ಲಿಸಿ.

ಹಿಡಿಯ ಹಿಂತುದಿಗೂ ಟೋಪಿ ಬೇಕಿದ್ದರೆ ಅದನ್ನು ಅಲಗು ಕೂರಿಸುವ ಮೊದಲೇ ಹೊಯ್ದುಬಿಡಿ. ವಿಧಾನ ಇದೇ, ಸ್ಟೀಲ್ ಪಟ್ಟಿ ಬೇಡ. ದಾರ ಪೋಣಿಸುವ ತೂತನ್ನು ಎರಕವಾದ ಮೇಲೆ ನಿಧಾನ ವೇಗದಲ್ಲಿ ಡ್ರಿಲ್ ಮಾಡಿ, ಬಿಟ್‌ಗೆ ಸ್ವಲ್ಪ ಮೇಣ ಹಚ್ಚಿಕೊಳ್ಳಿ. ಎರಡನೆಯ ಎರಕದ ವೇಳೆ ಮೊದಲಿನ ಬಳೆಯನ್ನು ವೈಸಿನ ದವಡೆಯಲ್ಲಿ ನೇರವಾಗಿ ಕಚ್ಚಿಸಬೇಡಿ. ಎರಡೂ ಬದಿಗೆ ಮರದ ಹಲಗೆ ಕೊಡಿ, ಇಲ್ಲದಿದ್ದರೆ ದವಡೆಯ ಗೆರೆಗಳೆಲ್ಲ ಬಳೆಯ ಮೇಲೆ ಅಚ್ಚೊತ್ತಿರುತ್ತವೆ.